ಎರಡು ನುಡಿಗಳ ನಾಡಿಗೆ ಕಾನೂನು ಬರೆದ ಎಡ್ವರ್ಡ್ ಲಿವಿಂಗ್‌ಸ್ಟನ್

1803ನೆಯ ಇಸವಿಯ ಕೊನೆಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದ ಜನರು ಮೂರು ವಾರಗಳ ಒಳಗೆ ಮೂರು ಧ್ವಜಗಳನ್ನು ಕಂಡರು. ನವೆಂಬರ್ 30ರಂದು ಸ್ಪೇನ್ ದೇಶದ ಧ್ವಜ ಇಳಿದು ಫ್ರಾನ್ಸಿನ ಧ್ವಜ ಏರಿತು. ಡಿಸೆಂಬರ್ 20ರಂದು ಅದೂ ಇಳಿದು ಅಮೆರಿಕ ಸಂಯುಕ್ತ ಸಂಸ್ಥಾನದ ಧ್ವಜ ಏರಿತು. ಯಾರ ಮನೆಯೂ ಅಲುಗಲಿಲ್ಲ, ಯಾವ ಹೊಲದ ಬದುವೂ ಸರಿಯಲಿಲ್ಲ. ಆಳುವವರ ಭಾಷೆ ಮಾತ್ರ ಬೇರೆಯಾಯಿತು. 1956ರ ನವೆಂಬರ್ 1ರ ಸಂಗತಿಗಳನ್ನು ಹಿರಿಯರ ಬಾಯಿಂದ ಕೇಳುತ್ತ ಬೆಳೆದ ಗಡಿಯಾಚೆಯ ಕನ್ನಡಿಗರಾದ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಫ್ರಾನ್ಸಿನಿಂದ ಅಮೆರಿಕವು ಲೂಯಿಸಿಯಾನ ಎಂಬ ಆ ವಿಶಾಲ ಭೂಭಾಗವನ್ನು ಸುಮಾರು 1.5 ಕೋಟಿ ಡಾಲರುಗಳಿಗೆ ಕೊಂಡ ಒಪ್ಪಂದದ ಮೂರನೆಯ ವಿಧಿಯು ಅಲ್ಲಿನ ನಿವಾಸಿಗಳ ಸ್ವಾತಂತ್ರ್ಯ, ಆಸ್ತಿ ಮತ್ತು ಧರ್ಮ ಈ ಮೂರಕ್ಕೂ ರಕ್ಷಣೆಯ ಭರವಸೆ ನೀಡಿತ್ತು. ಭಾಷೆಯ ವಿಷಯದಲ್ಲಿ ಒಂದು ಪದವೂ ಅದರಲ್ಲಿರಲಿಲ್ಲ. ಪ್ಯಾರಿಸಿನಲ್ಲಿ ಕುಳಿತು ಈ ಒಪ್ಪಂದವನ್ನು ಕುದುರಿಸಿದ ಇಬ್ಬರು ಅಮೆರಿಕನ್ ಪ್ರತಿನಿಧಿಗಳಲ್ಲಿ ಒಬ್ಬರು ರಾಬರ್ಟ್ ಲಿವಿಂಗ್‌ಸ್ಟನ್. ಇನ್ನೊಬ್ಬರು ಜೇಮ್ಸ್ ಮನ್ರೊ. ಧ್ವಜ ಬದಲಾದ ಎರಡು ತಿಂಗಳಿಗೆ, 1804ರ ಫೆಬ್ರವರಿಯಲ್ಲಿ, ಅದೇ ರಾಬರ್ಟರ ಕಿರಿಯ ತಮ್ಮ ತಲೆಯ ಮೇಲೆ ಭಾರಿ ಸಾಲವನ್ನು ಹೊತ್ತು, ಹೊಸ ಬದುಕನ್ನು ಅರಸುತ್ತ ನ್ಯೂ ಆರ್ಲಿಯನ್ಸಿಗೆ ಬಂದಿಳಿದರು. ಅಣ್ಣ ಕೊಂಡ ನಾಡಿನಲ್ಲಿ ತಮ್ಮ ಒಬ್ಬ ಸಾಮಾನ್ಯ ವಕೀಲರಾಗಿ ನಿಂತರು. ಆಗ ಅವರಿಗೆ 39 ವರ್ಷ. ನಾವು ಇಲ್ಲಿ ಹೇಳಹೊರಟಿರುವುದು ಆ ತಮ್ಮನ ಕಥೆಯನ್ನು.

ಎಡ್ವರ್ಡ್ ಲಿವಿಂಗ್‌ಸ್ಟನ್ 1764ರ ಮೇ 28ರಂದು ನ್ಯೂಯಾರ್ಕ್ ಪ್ರಾಂತದ ಹಡ್ಸನ್ ನದಿಯ ದಂಡೆಯ ಕ್ಲೆರ್ಮಾಂಟ್ ಎಂಬಲ್ಲಿ ಹುಟ್ಟಿದರು. ಕುಟುಂಬ ಜಮೀನ್ದಾರಿಯದು, ತಂದೆ ನ್ಯಾಯಾಧೀಶರು, ತುಂಬಿದ ಮನೆಯ ಕೊನೆಯ ಮಗು ಇವರು. ಹನ್ನೊಂದರ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಅದೇ 1775ರ ಕೊನೆಯ ದಿನ ಅಕ್ಕ ಜಾನೆಟ್ ಅವರ ಪತಿ, ಸೇನಾನಿ ರಿಚರ್ಡ್ ಮಾಂಟ್ಗೊಮರಿ, ಕ್ವಿಬೆಕ್ ಮುತ್ತಿಗೆಯಲ್ಲಿ ಮಡಿದರು. 1777ರಲ್ಲಿ ಬ್ರಿಟಿಷ್ ಸೈನಿಕರು ಬಂದು ಕ್ಲೆರ್ಮಾಂಟಿನ ಮನೆಯನ್ನು ಸುಟ್ಟುಹಾಕಿದರು. ತಾಯಿ ಮಾರ್ಗರೆಟ್ ಅದನ್ನು ಮತ್ತೆ ಕಟ್ಟಿಸಿದರು. ಮುಂದೆ 1789ರಲ್ಲಿ ಜಾರ್ಜ್ ವಾಷಿಂಗ್ಟನ್ನರು ಮೊದಲ ಅಧ್ಯಕ್ಷರಾದಾಗ ಅವರಿಗೆ ಪ್ರಮಾಣವಚನ ಬೋಧಿಸಿದವರು ಅಣ್ಣ ರಾಬರ್ಟರೇ. ಇಂಥ ಮನೆತನದ ಹುಡುಗ ಪ್ರಿನ್ಸ್‌ಟನ್ನಿನ ಕಾಲೇಜಿನಲ್ಲಿ 1781ರಲ್ಲಿ ಪದವಿ ಪಡೆದು, ಆಲ್ಬನಿಯಲ್ಲಿ ಕಾನೂನು ಕಲಿತು, 1785ರಲ್ಲಿ ನ್ಯೂಯಾರ್ಕ್ ನಗರದಲ್ಲಿ ವಕೀಲಿ ಆರಂಭಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅಲೆಕ್ಸಾಂಡರ್ ಹ್ಯಾಮಿಲ್ಟನ್, ಆರನ್ ಬರ್ ಮುಂತಾದವರು ವಾದಿಸುತ್ತಿದ್ದ ನ್ಯಾಯಾಲಯಗಳವು.

1795ರಿಂದ ಆರು ವರ್ಷ ಅವರು ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯರಾಗಿದ್ದರು. ಬ್ರಿಟನ್ನಿನೊಡನೆ ಮಾಡಿಕೊಂಡಿದ್ದ ಜೇ ಒಪ್ಪಂದದ ಕಾಗದಪತ್ರಗಳನ್ನು ಸದನದ ಮುಂದಿಡಬೇಕೆಂದು 1796ರಲ್ಲಿ ನಿರ್ಣಯ ಮಂಡಿಸಿದರು. ಸದನ ಅದನ್ನು ಅಂಗೀಕರಿಸಿತು. ಅಧ್ಯಕ್ಷ ವಾಷಿಂಗ್ಟನ್ನರು ನಿರಾಕರಿಸಿದರು. ಅದಕ್ಕಿಂತ ಮುಖ್ಯವಾದುದು 1798ರ ಹೋರಾಟ. ಅಪಾಯಕಾರಿ ಎಂದು ತನಗೆ ತೋರಿದ ಪರದೇಶಿಯನ್ನು ವಿಚಾರಣೆಯಿಲ್ಲದೆ ಹೊರಗಟ್ಟುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುವ ಮಸೂದೆ ಆ ವರ್ಷ ಸದನಕ್ಕೆ ಬಂತು. ಅದರ ಬೆನ್ನಿಗೇ ಸರ್ಕಾರವನ್ನು ಟೀಕಿಸಿದವರನ್ನು ಶಿಕ್ಷಿಸುವ ಇನ್ನೊಂದು ಕಾಯಿದೆಯೂ ಬಂತು. ಆರೋಪವನ್ನು ತಿಳಿಸದೆ, ಸಾಕ್ಷ್ಯವನ್ನು ಕೇಳದೆ, ಒಬ್ಬನ ಅನುಮಾನದ ಮೇಲೆ ಇನ್ನೊಬ್ಬನನ್ನು ದಂಡಿಸುವುದು ನ್ಯಾಯವಲ್ಲವೆಂದು ಲಿವಿಂಗ್‌ಸ್ಟನ್ ದೀರ್ಘವಾಗಿ ವಾದಿಸಿದರು. ಮಸೂದೆಗಳು ಅಂಗೀಕಾರವಾದವು. ಆದರೆ ಆ ಭಾಷಣ ಅಚ್ಚಾಗಿ ಊರೂರಿಗೆ ಹೋಯಿತು. ಆ ವಾದವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಹತ್ತು ವರ್ಷಗಳ ನಂತರ ಅದೇ ಪ್ರಶ್ನೆ ಅವರ ಸ್ವಂತ ಬಾಗಿಲಿಗೆ ಬಂದು ನಿಂತಿತು.

1801ರಲ್ಲಿ ಥಾಮಸ್ ಜೆಫರ್ಸನ್ ಅಧ್ಯಕ್ಷರಾದರು. ಅವರಿಗೂ ಆರನ್ ಬರ್ ಅವರಿಗೂ ಮತಗಳು ಸಮನಾಗಿ ಬಿದ್ದು ನಿರ್ಣಯ ಸದನದ ಪಾಲಿಗೆ ಬಂದಾಗ ಲಿವಿಂಗ್‌ಸ್ಟನ್ ನಿಂತದ್ದು ಜೆಫರ್ಸನ್ನರ ಪರವಾಗಿ. ಅದೇ ವರ್ಷ ಅವರು ನ್ಯೂಯಾರ್ಕ್ ಜಿಲ್ಲೆಯಲ್ಲಿ ಒಕ್ಕೂಟ ಸರ್ಕಾರದ ವಕೀಲರಾಗಿಯೂ ನ್ಯೂಯಾರ್ಕ್ ನಗರದ ಮೇಯರಾಗಿಯೂ ನೇಮಕಗೊಂಡರು. ಅದೇ ವರ್ಷ ಮಾರ್ಚಿನಲ್ಲಿ ಪತ್ನಿ ಮೇರಿ ಮೂವರು ಎಳೆಯ ಮಕ್ಕಳನ್ನು ಬಿಟ್ಟು ಜ್ವರದಿಂದ ತೀರಿಕೊಂಡರು.

1803ರ ಬೇಸಗೆಯಲ್ಲಿ ನಗರಕ್ಕೆ ಹಳದಿ ಜ್ವರ ಬಂತು. ಅನುಕೂಲವಿದ್ದವರು ಊರು ಬಿಟ್ಟರು. ಮೇಯರ್ ಹೋಗಲಿಲ್ಲ, ರೋಗಿಗಳ ಬಳಿಗೆ ಓಡಾಡುತ್ತ ಕೊನೆಗೆ ತಾವೇ ಹಾಸಿಗೆ ಹಿಡಿದರು. ಚೇತರಿಸಿಕೊಂಡು ಎದ್ದಾಗ ಇನ್ನೊಂದು ಆಘಾತ ಕಾದಿತ್ತು. ಸರ್ಕಾರಕ್ಕೆ ಸಲ್ಲಬೇಕಾದ ವಸೂಲಿ ಹಣವನ್ನು ಅವರ ಕೈಕೆಳಗಿನ ಗುಮಾಸ್ತನೊಬ್ಬ ಕಬಳಿಸಿದ್ದನು. ಕಳವು ಗುಮಾಸ್ತನದಾದರೂ ಹೊಣೆ ತಮ್ಮದೆಂದು ಲಿವಿಂಗ್‌ಸ್ಟನ್ ಒಪ್ಪಿಕೊಂಡರು. ಲೆಕ್ಕ ಪೂರ್ತಿಯಾಗಿ ತಾಳೆಯಾಗುವ ಮೊದಲೇ ಒಂದು ಲಕ್ಷ ಡಾಲರುಗಳ ತೀರ್ಪಿಗೆ ತಾವಾಗಿಯೇ ತಲೆಬಾಗಿ, ಆಸ್ತಿಯನ್ನು ಸಾಲದ ಬಾಬ್ತು ಒಪ್ಪಿಸಿ, ಎರಡೂ ಹುದ್ದೆಗಳಿಗೆ ರಾಜೀನಾಮೆ ಕೊಟ್ಟರು. ಹಣಕಾಸಿನ ವಿಷಯದಲ್ಲಿ ಅವರು ಮೊದಲಿನಿಂದಲೂ ಅಜಾಗರೂಕರು ಎಂಬ ಮಾತನ್ನು ಜೀವನಚರಿತ್ರಕಾರರು ಮುಚ್ಚಿಟ್ಟಿಲ್ಲ, ನಾವೂ ಮುಚ್ಚಿಡುವುದಿಲ್ಲ. ಮಕ್ಕಳನ್ನು ಬಂಧುಗಳ ಬಳಿ ಬಿಟ್ಟು, ಆ ಡಿಸೆಂಬರಿನಲ್ಲಿ ಹಡಗು ಹತ್ತಿದರು.

ಅವರು ಇಳಿದ ಊರಿನಲ್ಲಿ ಮನೆಮಾತು ಫ್ರೆಂಚ್. ಕಾನೂನು ಸ್ಪೇನ್ ದೇಶದ್ದು. ಹೊಸದಾಗಿ ಬಂದ ಗವರ್ನರ್ ಕ್ಲೇಬೋರ್ನ್ ಅವರಿಗೆ ಗೊತ್ತಿದ್ದುದು ಇಂಗ್ಲಿಷ್ ಮಾತ್ರ. ತಲೆಮಾರುಗಳಿಂದ ಒಂದು ಬಗೆಯ ಪತ್ರ, ಸಾಕ್ಷಿ, ಪಾಲುಪಟ್ಟಿಗಳಿಗೆ ಒಗ್ಗಿದ್ದ ಜನರು ಈಗ ತಮಗೆ ತಿಳಿಯದ ಭಾಷೆಯಲ್ಲಿ, ತಮಗೆ ತಿಳಿಯದ ಪದ್ಧತಿಯಂತೆ ತಮ್ಮ ಮನೆ ತಮ್ಮದೆಂದು ರುಜುವಾತುಪಡಿಸಬೇಕಾಯಿತು. ಇಂಗ್ಲಿಷ್ ಪದ್ಧತಿಯ ಕಾನೂನು ಬಹುಮಟ್ಟಿಗೆ ಹಿಂದಿನ ತೀರ್ಪುಗಳ ರಾಶಿಯಲ್ಲಿ ಅಡಗಿರುತ್ತದೆ. ಲೂಯಿಸಿಯಾನದ ಜನರು ಬಲ್ಲ ಕಾನೂನಾದರೋ ರೋಮನ್ ಮೂಲದ, ಬರೆದಿಟ್ಟ ವಿಧಿಗಳದ್ದು. ಆದುದರಿಂದ ಅಲ್ಲಿನ ಭಾಷೆಯ ಜಗಳವೂ ಕಾನೂನಿನ ಜಗಳವೂ ಒಂದೇ ಆಗಿದ್ದವು. ಅರ್ಜಿಯ ನಮೂನೆ ಒಂದು ನುಡಿಯಲ್ಲಿ, ಅರ್ಜಿದಾರನ ಅಳಲು ಇನ್ನೊಂದು ನುಡಿಯಲ್ಲಿ ಇರುವ ಕಚೇರಿಯ ಪಡಸಾಲೆಯಲ್ಲಿ ನಿಂತು ಗೊತ್ತಿರುವ ತಂದೆತಾಯಿಗಳು ನಮ್ಮ ಓದುಗರಲ್ಲಿ ಅನೇಕರಿದ್ದಾರೆ.

ಇಂಗ್ಲಿಷ್ ಬಲ್ಲ ವಕೀಲನಿಗೆ ಇದು ಸುಗ್ಗಿಯ ಕಾಲ. ಜನರ ಅಜ್ಞಾನವೇ ಆದಾಯವಾಗಿದ್ದ ಅಂಥ ಸಂದರ್ಭದಲ್ಲಿ ಹಣದ ತುರ್ತು ಇದ್ದ ಲಿವಿಂಗ್‌ಸ್ಟನ್ ಹಿಡಿದ ದಾರಿ ಬೇರೆ. ಅವರಿಗೆ ಫ್ರೆಂಚ್ ಬರುತ್ತಿತ್ತು, ಸ್ಪ್ಯಾನಿಷ್ ಕಲಿತರು, ರೋಮನ್, ಸ್ಪ್ಯಾನಿಷ್ ಕಾನೂನು ಗ್ರಂಥಗಳನ್ನು ಓದಿಕೊಂಡರು. ಬಂದ ವರ್ಷವೇ ಊರಿನವರ ಪರವಾಗಿ ಅಮೆರಿಕದ ಸಂಸತ್ತಿಗೆ ಒಂದು ದೀರ್ಘ ಅಹವಾಲು ಸಿದ್ಧಪಡಿಸಿದರು. ತಮ್ಮ ಭಾಷೆ ತಿಳಿಯದ ಗವರ್ನರರನ್ನು ತಮ್ಮ ಮೇಲೆ ಕೂರಿಸಿದ್ದು, ನ್ಯಾಯಾಲಯಗಳಲ್ಲಿ ತಮಗೆ ತಿಳಿಯದ ಭಾಷೆ ತಂದದ್ದು, ಸ್ವಯಮಾಡಳಿತ ಕೊಡದೆ ಇದ್ದದ್ದು ಅದರ ಮುಖ್ಯ ದೂರುಗಳು. ಡೆರ್ಬಿನ್ಯಿ, ಡೆಸ್ಟ್ರೆಹಾನ್, ಸೋವೆ ಎಂಬ ಮೂವರು ಅದನ್ನು ಹೊತ್ತು ವಾಷಿಂಗ್ಟನ್ನಿಗೆ ಹೋದರು. ಅದೇ ಅಹವಾಲಿನಲ್ಲಿ ಇನ್ನೊಂದು ಬೇಡಿಕೆಯೂ ಇತ್ತೆಂಬುದನ್ನು ಬಿಟ್ಟು ಹೇಳಿದರೆ ಚರಿತ್ರೆಗೆ ಅಪಚಾರವಾದೀತು. ಹೊರಗಿನಿಂದ ಗುಲಾಮರನ್ನು ತರಿಸುವುದಕ್ಕೆ ಹಾಕಿದ್ದ ತಡೆಯನ್ನು ತೆಗೆಯಬೇಕೆಂದು ಆ ತೋಟದ ಒಡೆಯರು ಕೇಳಿದ್ದರು. ತಮ್ಮ ನುಡಿಗೆ ನ್ಯಾಯ ಬೇಡಿದ ಕೈಯೇ ಇನ್ನೊಬ್ಬರನ್ನು ಕೊಳ್ಳುವ ಹಕ್ಕನ್ನೂ ಬೇಡಿತು.

1805ರಲ್ಲಿ ಆ ಪ್ರಾಂತದ ನ್ಯಾಯಾಲಯಗಳಿಗೆ ಅವರು ಚಿಕ್ಕದೊಂದು ವ್ಯವಹಾರ ಪದ್ಧತಿಯನ್ನು ಬರೆದುಕೊಟ್ಟರು. ಇಂಗ್ಲಿಷ್ ನ್ಯಾಯಾಲಯಗಳಲ್ಲಿ ದಾವೆ ಹೂಡಬೇಕಾದರೆ ನಿಗದಿಯಾದ ಗೂಢ ನಮೂನೆಗಳೊಳಗೆ ಮಾತನ್ನು ತುರುಕಬೇಕಾಗಿತ್ತು. ನಮೂನೆ ತಪ್ಪಿದರೆ ಸತ್ಯವಿದ್ದರೂ ದಾವೆ ಸೋಲುತ್ತಿತ್ತು. ಲಿವಿಂಗ್‌ಸ್ಟನ್ನರ ಪದ್ಧತಿಯಲ್ಲಿ ಏನು ನಡೆಯಿತು, ಏನು ಬೇಕು ಎಂಬುದನ್ನು ಸರಳವಾದ ಅರ್ಜಿಯಲ್ಲಿ ಬರೆದರೆ ಸಾಕು. ಸುಮಾರು ಇಪ್ಪತ್ತು ವರ್ಷ ಆ ಪದ್ಧತಿ ನಡೆಯಿತು. ಅದೇ ವರ್ಷ ಅವರು ಲೂಯೀಸ್ ಎಂಬ ತರುಣ ವಿಧವೆಯನ್ನು ಮದುವೆಯಾದರು. ಆಕೆ ಸ್ಯಾಂ ಡೊಮಿಂಗ್ ದ್ವೀಪದ ಕ್ರಾಂತಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಂಚ್ ಕುಟುಂಬದವರು. ಮರುವರ್ಷ ಕೋರಾ ಎಂಬ ಮಗಳು ಹುಟ್ಟಿದಳು. ಹೀಗೆ ಊರಿನ ಭಾಷೆ ಅವರ ಮನೆಯೊಳಕ್ಕೂ ಬಂತು.

ಇಷ್ಟಾದರೂ ಅದೇ ಊರಿನ ಜನ ಅವರ ಮೇಲೆ ತಿರುಗಿಬಿದ್ದರು. ಮಿಸಿಸಿಪ್ಪಿ ನದಿಯ ದಂಡೆಯಲ್ಲಿ, ಪಟ್ಟಣದ ಹೊರಕೇರಿಯ ಎದುರಿಗೆ, ಪ್ರವಾಹವು ವರ್ಷ ವರ್ಷವೂ ತಂದು ಹಾಕುತ್ತಿದ್ದ ಮೆಕ್ಕಲು ಮಣ್ಣಿನ ಬಯಲೊಂದಿತ್ತು; ಬಾತ್ಯೂರ್ ಎಂದು ಅದರ ಹೆಸರು. ನೀರು ಇಳಿದಾಗ ಜನ ಅಲ್ಲಿಂದ ಮನೆ ಕಟ್ಟಲು ಮಣ್ಣು ಒಯ್ಯುತ್ತಿದ್ದರು, ದೋಣಿ ಕಟ್ಟುತ್ತಿದ್ದರು. ಅದನ್ನು ಊರೊಟ್ಟಿನ ಜಾಗವೆಂದೇ ಎಲ್ಲರೂ ತಿಳಿದಿದ್ದರು. ದಂಡೆಯ ಜಮೀನು ಯಾರದೋ ಮೆಕ್ಕಲೂ ಅವರದೇ ಎಂದು ಝಾನ್ ಗ್ರಾವಿಯೇ ಎಂಬವರ ಪರವಾಗಿ ಲಿವಿಂಗ್‌ಸ್ಟನ್ ವಾದಿಸಿ 1807ರಲ್ಲಿ ಗೆದ್ದರು. ಅದರ ಒಂದು ಭಾಗ ವಕೀಲರಿಗೇ ಸಂದಿತು. ಅವರು ಅಲ್ಲಿ ಕೆಲಸಗಾರರನ್ನು ಬಿಟ್ಟು ಕಟ್ಟೆ ಕಟ್ಟಿಸತೊಡಗಿದಾಗ ಜನ ಗುಂಪುಗೂಡಿ ಅವರನ್ನು ಓಡಿಸಿದರು. ನ್ಯಾಯಾಲಯದ ತೀರ್ಪು ಅವರ ಪರವಾಗಿತ್ತು, ನಿಜ. ಆದರೆ ಊರಿನ ರೂಢಿಯನ್ನು ಕಾಪಾಡಬೇಕೆಂದು ಅಹವಾಲು ಬರೆದವರೇ ಊರಿನ ರೂಢಿಯ ಎದುರು ಸ್ವಂತ ಲಾಭಕ್ಕೆ ನಿಂತದ್ದು ನಮಗೆ ಹಿಡಿಸುವುದಿಲ್ಲ.

ಮುಂದಿನ ಹೆಜ್ಜೆ ಅಧ್ಯಕ್ಷ ಜೆಫರ್ಸನ್ನರದು. ಆ ಬಯಲು ಒಕ್ಕೂಟ ಸರ್ಕಾರದ್ದೆಂದು ಹೇಳಿ, 1808ರ ಜನವರಿಯಲ್ಲಿ, ಯಾವ ವಿಚಾರಣೆಯೂ ಇಲ್ಲದೆ, ತಮ್ಮ ಅಧಿಕಾರಿಯ ಮೂಲಕ ಲಿವಿಂಗ್‌ಸ್ಟನ್ನರನ್ನು ಅಲ್ಲಿಂದ ಎಬ್ಬಿಸಿದರು. ಅವರು ಎಲ್ಲವನ್ನೂ ಪಣವಿಟ್ಟು ಹೋರಾಡಿದರು. ಜೆಫರ್ಸನ್ ಅಧಿಕಾರದಿಂದ ಇಳಿದ ಮೇಲೆ ಅವರ ಮೇಲೆಯೇ ವರ್ಜೀನಿಯದಲ್ಲಿ ಒಂದು ಲಕ್ಷ ಡಾಲರುಗಳ ದಾವೆ ಹೂಡಿದರು. ಜಮೀನಿನ ಅತಿಕ್ರಮಣದ ಮೊಕದ್ದಮೆ ಜಮೀನಿರುವ ಸ್ಥಳದಲ್ಲಿಯೇ ನಡೆಯಬೇಕೆಂಬ ಕಾರಣಕ್ಕೆ 1811ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಮತ್ತು ಅವರ ಜೊತೆಗಾರ ನ್ಯಾಯಾಧೀಶರು ಅದನ್ನು ವಜಾ ಮಾಡಿದರು. ಮಾಜಿ ಅಧ್ಯಕ್ಷರು ಪುಸ್ತಕ ಬರೆದು ಸಮರ್ಥಿಸಿಕೊಂಡರು. ವಕೀಲರು ಇನ್ನೊಂದು ಪುಸ್ತಕ ಬರೆದು ಉತ್ತರಿಸಿದರು. ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು.

ಅಷ್ಟರಲ್ಲಿ ಲೂಯಿಸಿಯಾನ 1812ರಲ್ಲಿ ಪೂರ್ಣ ರಾಜ್ಯವಾಯಿತು. ಅದರ ಸಂವಿಧಾನದಲ್ಲಿ ಒಂದು ಷರತ್ತು ಸೇರಿತ್ತು: ರಾಜ್ಯದ ಕಾಯಿದೆಗಳೂ ದಾಖಲೆಗಳೂ ನ್ಯಾಯಾಲಯದ ಬರಹಗಳೂ ಒಕ್ಕೂಟದ ಸಂವಿಧಾನ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿಯೇ ಇರತಕ್ಕದ್ದು. ಇಂಗ್ಲಿಷ್ ಎಂಬ ಹೆಸರನ್ನು ಎತ್ತದೆಯೇ ಇಂಗ್ಲಿಷನ್ನು ಕಡ್ಡಾಯ ಮಾಡಿದ ಜಾಣತನವಿದು. ನಮ್ಮ ದೇಶದ ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯಂತೆ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ತಾಯ್ನುಡಿಯ ಪ್ರಾಥಮಿಕ ಶಿಕ್ಷಣದ ಸೌಕರ್ಯ ಕಲ್ಪಿಸಬೇಕೆಂಬ ಮಾತಾಗಲಿ, 350ಬಿ ವಿಧಿಯಂತೆ ಅದನ್ನು ನೋಡಿಕೊಳ್ಳುವ ಅಧಿಕಾರಿಯಾಗಲಿ ಆ ಜನರಿಗೆ ಇರಲಿಲ್ಲ. ಷರತ್ತು ಇದ್ದರೂ ಶಾಸನಗಳು ಫ್ರೆಂಚಿನಲ್ಲಿಯೂ ಅಚ್ಚಾಗುತ್ತಲೇ ಇದ್ದವು. ಜನರಲ್ಲಿ ಬಹುಮಂದಿಗೆ ಬೇರೆ ಭಾಷೆ ತಿಳಿಯದಿರುವಾಗ ಇನ್ನೇನು ತಾನೇ ಸಾಧ್ಯವಿತ್ತು!

ಬ್ರಿಟಿಷರೊಡನೆ ಯುದ್ಧ ನಡೆದು ಅವರ ಸೈನ್ಯ ನ್ಯೂ ಆರ್ಲಿಯನ್ಸಿನ ಕಡೆಗೆ ಬಂದಾಗ ಪಟ್ಟಣದ ರಕ್ಷಣೆಗೆ ಬಂದ ಸೇನಾನಿ ಆಂಡ್ರ್ಯೂ ಜಾಕ್ಸನ್ನರಿಗೆ ಫ್ರೆಂಚ್ ಬರುತ್ತಿರಲಿಲ್ಲ. ಹಿಂದೆ ಸಂಸತ್ತಿನಲ್ಲಿ ಪರಿಚಯವಾಗಿದ್ದ ಲಿವಿಂಗ್‌ಸ್ಟನ್ ಅವರ ಸಹಾಯಕರೂ ದುಭಾಷಿಯೂ ಆದರು. 1814ರ ಡಿಸೆಂಬರಿನಲ್ಲಿ ಊರ ಚೌಕದಲ್ಲಿ ನೆರೆದ ಪಡೆಗಳಿಗೆ ಜಾಕ್ಸನ್ನರ ಮಾತನ್ನು ಫ್ರೆಂಚಿನಲ್ಲಿ ಮುಟ್ಟಿಸಿದವರು ಇವರೇ. ಯುದ್ಧ 1815ರ ಜನವರಿ 8ರಂದು ಗೆಲುವಿನಲ್ಲಿ ಮುಗಿಯಿತು. ಆ ಸ್ನೇಹ ಮುಂದೆ ಅವರನ್ನು ರಾಜಧಾನಿಯವರೆಗೆ ಒಯ್ದಿತು.

ಈಗ ಅವರ ಜೀವನದ ಮುಖ್ಯ ಕಾರ್ಯಕ್ಕೆ ಬರೋಣ. 1820ರಲ್ಲಿ ಅವರು ಲೂಯಿಸಿಯಾನದ ಶಾಸನಸಭೆಗೆ ಆಯ್ಕೆಯಾದರು. ಮರುವರ್ಷ ಆ ಸಭೆ ರಾಜ್ಯಕ್ಕೆ ಒಂದು ಅಪರಾಧ ಸಂಹಿತೆ ರಚಿಸುವ ಕೆಲಸವನ್ನು ಅವರಿಗೆ ವಹಿಸಿತು. ಅದರ ಜೊತೆಗೆ ಸಿವಿಲ್ ಸಂಹಿತೆಯ ಪರಿಷ್ಕರಣೆಗೆ ನೇಮಕವಾದ ಮೂವರಲ್ಲಿಯೂ ಅವರೊಬ್ಬರು. ಉಳಿದಿಬ್ಬರು ಲೂಯಿ ಮೊರೋ-ಲಿಸ್ಲೆ ಮತ್ತು ಹಿಂದೆ ಅಹವಾಲು ಹೊತ್ತು ಹೋಗಿದ್ದ ಪಿಯರ್ ಡೆರ್ಬಿನ್ಯಿ, ಇಬ್ಬರೂ ಫ್ರೆಂಚರು. 1825ರ ಆ ಸಿವಿಲ್ ಸಂಹಿತೆಯನ್ನು ಮೊದಲು ಫ್ರೆಂಚಿನಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ಅನುವಾದಿಸಲಾಯಿತು. ಎರಡೂ ಪಾಠಗಳು ಎದುರುಬದುರು ಪುಟಗಳಲ್ಲಿ ಅಚ್ಚಾದವು.

ಅಪರಾಧ ಸಂಹಿತೆಯಾದರೋ ಲಿವಿಂಗ್‌ಸ್ಟನ್ನರು ಒಬ್ಬರೇ ಹೊತ್ತ ಹೊರೆ. ಅಪರಾಧಗಳು ಮತ್ತು ಶಿಕ್ಷೆಗಳು, ವಿಚಾರಣೆಯ ಕ್ರಮ, ಸಾಕ್ಷ್ಯ, ಸೆರೆಮನೆಯ ಸುಧಾರಣೆ ಎಂದು ನಾಲ್ಕು ಸಂಹಿತೆಗಳು. ಅವುಗಳಲ್ಲಿ ಬರುವ ಪದಗಳ ಅರ್ಥ ಹೇಳುವ ಪ್ರತ್ಯೇಕ ಗ್ರಂಥ ಇನ್ನೊಂದು. ಪದಾರ್ಥದ ಗ್ರಂಥ ಏಕೆಂದರೆ, ಯಾವ ಕೃತ್ಯ ಅಪರಾಧ ಎಂಬುದು ಪಾಲಿಸಬೇಕಾದ ಜನರಿಗೆ ಮೊದಲೇ ತಿಳಿದಿರಬೇಕು, ನ್ಯಾಯಾಧೀಶನ ಮನಸ್ಸಿನೊಳಗೆ ಅಡಗಿರಬಾರದು ಎಂಬುದು ಅವರ ನಿಲುವು. ಎರಡು ನುಡಿಗಳ ನಾಡಿನಲ್ಲಿ ಎರಡು ದಶಕ ವಕೀಲಿ ಮಾಡಿದವರಿಗೆ ಒಂದು ಪದದ ಅನಿಶ್ಚಿತ ಅರ್ಥ ಒಬ್ಬ ಬಡವನನ್ನು ಎಲ್ಲಿಗೆ ನೂಕಬಲ್ಲದೆಂಬುದು ಗೊತ್ತಿತ್ತು. ಮರಣದಂಡನೆಯನ್ನು ಅವರು ಸಂಪೂರ್ಣವಾಗಿ ಕೈಬಿಟ್ಟರು. ಗಲ್ಲು ಭಯವನ್ನು ಹುಟ್ಟಿಸುವುದಿಲ್ಲ, ನೋಡುಗರ ಮನಸ್ಸನ್ನು ಒರಟಾಗಿಸುತ್ತದೆ. ತೀರ್ಪು ತಪ್ಪೆಂದು ಆಮೇಲೆ ಗೊತ್ತಾದರೆ ತಿದ್ದಿಕೊಳ್ಳಲು ದಾರಿಯಿಲ್ಲ ಎಂಬುದು ಅವರ ವಾದ. ಬಾಲಾಪರಾಧಿಗಳಿಗೆ ಕಸುಬು ಕಲಿಸುವ ಸುಧಾರಣಾ ಶಾಲೆ, ಬಿಡುಗಡೆಯಾದವರಿಗೆ ಕೆಲಸ ಕೊಡುವ ಆಶ್ರಯಮನೆ ಇವೂ ಅವರ ಯೋಜನೆಯಲ್ಲಿದ್ದವು.

ಎಲ್ಲವೂ ಕರುಣೆಯಿಂದ ಕೂಡಿತ್ತೆಂದು ಭಾವಿಸಬಾರದು. ಕೊಲೆಗಾರನನ್ನು ಕೊಲ್ಲುವ ಬದಲು ಕಪ್ಪು ಬಣ್ಣ ಬಳಿದ ಕೋಣೆಯಲ್ಲಿ ಜೀವನಪರ್ಯಂತ ಏಕಾಂತದಲ್ಲಿಡಬೇಕೆಂದೂ ಅವನ ಪಾತಕವನ್ನು ಸಾರುವ ಬರಹವನ್ನು ಅಲ್ಲಿ ಬರೆಸಬೇಕೆಂದೂ ಅವರು ವಿಧಿಸಿದ್ದರು. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು: ಗುಲಾಮರನ್ನು ಅವರು ತಮ್ಮ ಸಂಹಿತೆಯ ಹೊರಗಿಟ್ಟರು. ಕಬ್ಬಿನ, ಹತ್ತಿಯ ತೋಟಗಳಲ್ಲಿ ದುಡಿಯುತ್ತಿದ್ದ ಆ ಕಪ್ಪು ಜನರು ಅವರ ಹೊಸ ನ್ಯಾಯದ ಅಂಗಳಕ್ಕೆ ಬರಲೇ ಇಲ್ಲ. ಮಾನವೀಯ ಕಾನೂನಿನ ಹರಿಕಾರರೆಂದು ಅವರನ್ನು ಹೊಗಳುವ ಬರಹಗಳಲ್ಲಿ ಈ ಮಾತು ಒಮ್ಮೊಮ್ಮೆ ಜಾರಿಹೋಗುತ್ತದೆ.

1824ರ ನವೆಂಬರಿನಲ್ಲಿ ಕೆಲಸ ಮುಗಿಯಿತು. ಆಗ ಅವರು ನ್ಯೂಯಾರ್ಕಿನಲ್ಲಿದ್ದರು. ಅಚ್ಚಿಗೆ ಕೊಡುವ ಮೊದಲು ಶುದ್ಧಪ್ರತಿಯನ್ನು ಕರಡಿನೊಂದಿಗೆ ತಾಳೆ ನೋಡುತ್ತ ಒಂದು ರಾತ್ರಿ ತಡವಾಗಿ ಮಲಗಿದರು. ಆ ರಾತ್ರಿಯೇ ಮನೆಗೆ ಬೆಂಕಿ ಬಿತ್ತು. ಮನೆಯವರಿಗೆ ಅಪಾಯವಾಗಲಿಲ್ಲ, ಆದರೆ ಕರಡು, ಶುದ್ಧಪ್ರತಿ ಎರಡೂ ಬೂದಿಯಾದವು. ಮೂರು ವರ್ಷಗಳಿಗೂ ಮಿಕ್ಕ ಶ್ರಮ ಅದು. ಪ್ರಾಯ ಅರವತ್ತು ಕಳೆದಿತ್ತು. ಮರುದಿನವೇ ಅವರು ಮತ್ತೆ ಬರೆಯಲು ಕುಳಿತರು. ಇನ್ನೆರಡು ವರ್ಷಗಳಲ್ಲಿ ಇಡೀ ಸಂಹಿತೆ ಮತ್ತೆ ಸಿದ್ಧವಾಯಿತು. ಮೊದಲಿನದಕ್ಕಿಂತ ಇದು ಮೇಲೋ ಕೀಳೋ ಎಂದು ಹೋಲಿಸಿ ಹೇಳಬಲ್ಲವರು ಅವರೊಬ್ಬರೇ.

ಇಷ್ಟು ಮಾಡಿದ ಮೇಲೂ ಲೂಯಿಸಿಯಾನದ ಶಾಸನಸಭೆ ಅದನ್ನು ಕಾಯಿದೆಯಾಗಿ ಅಂಗೀಕರಿಸಲೇ ಇಲ್ಲ. ಕೇಳಿ ಬರೆಸಿದವರೇ ಕಪಾಟಿನಲ್ಲಿಟ್ಟರು. ಆದರೆ ಪುಸ್ತಕ ಹೊರನಾಡುಗಳಿಗೆ ಹೋಯಿತು. ಇಂಗ್ಲೆಂಡಿನ ಜೆರೆಮಿ ಬೆಂಥಮ್ ಮೆಚ್ಚಿದರು. ವಿಕ್ಟರ್ ಹ್ಯೂಗೊ ಮೆಚ್ಚಿದರು. ಹಳೆಯ ಎದುರಾಳಿ ಜೆಫರ್ಸನ್ನರೂ ತಮ್ಮ ಕೊನೆಗಾಲದಲ್ಲಿ ಪತ್ರ ಬರೆದು ಶ್ಲಾಘಿಸಿದರು. ಮೆಕ್ಕಲು ಮಣ್ಣಿನ ವೈರ ಅಷ್ಟರಲ್ಲಿ ಆರಿತ್ತು.

ಮಧ್ಯ ಅಮೆರಿಕದ ಗ್ವಾಟೆಮಾಲ ಮಾತ್ರ ಈ ಸಂಹಿತೆಯನ್ನು ನಿಜವಾಗಿ ಜಾರಿಗೆ ತಂದಿತು. ಅಲ್ಲಿನ ನಾಯಕರಲ್ಲೊಬ್ಬರಾದ ಬಾರುಂದಿಯಾ ಅದನ್ನು ಸ್ಪ್ಯಾನಿಷಿಗೆ ಅನುವಾದಿಸಿದರು. 1837ರ ಆರಂಭದಿಂದ ಅದು ಕಾನೂನಾಯಿತು. ಆ ನಾಡಿನ ಹಳ್ಳಿಗಳಲ್ಲಿದ್ದವರಾದರೋ ಬಹುಮಟ್ಟಿಗೆ ಮೂಲನಿವಾಸಿಗಳು. ಅವರ ನುಡಿ ಬೇರೆ, ಓದುಬರಹ ಕಂಡವರಲ್ಲ. ಅವರು ಜೂರಿಗಳಾಗಿ ಕುಳಿತು ತೀರ್ಪು ಹೇಳಬೇಕಾಯಿತು, ಹೊಸ ಸೆರೆಮನೆಗಳನ್ನು ಕಟ್ಟಲು ಬಿಟ್ಟಿ ದುಡಿಯಬೇಕಾಯಿತು. ಜನ ಸಿಡಿದೆದ್ದರು, ರಫಾಯೆಲ್ ಕರೇರಾ ಅವರ ದಂಗೆಗೆ ಇದ್ದ ಹಲವು ಕಾರಣಗಳಲ್ಲಿ ಇದೂ ಒಂದು. ಮರುವರ್ಷವೇ ಸಂಹಿತೆ ರದ್ದಾಯಿತು. ಜನರಿಗೆ ತಿಳಿಯಲೆಂದೇ ಪದಪದಕ್ಕೂ ಅರ್ಥ ಬರೆದಿಟ್ಟ ಗ್ರಂಥ, ತಿಳಿಯದ ಭಾಷೆಯಲ್ಲಿ ಮೇಲಿನಿಂದ ಬಂದಾಗ ಆ ಜನರಿಗೆ ಪೀಡೆಯಾಗಿ ಕಂಡಿತು. ಲಿವಿಂಗ್‌ಸ್ಟನ್ ಅದನ್ನು ನೋಡಲು ಬದುಕಿರಲಿಲ್ಲ.

ಅವರ ಉಳಿದ ಅಧಿಕಾರಜೀವನವನ್ನು ಬೇಗ ಹೇಳಿ ಮುಗಿಸಬಹುದು. 1823ರಿಂದ 1829ರವರೆಗೆ ಲೂಯಿಸಿಯಾನದಿಂದ ಪ್ರತಿನಿಧಿ ಸಭೆಯಲ್ಲಿ, ಆಮೇಲೆ ಸೆನೆಟ್ಟಿನಲ್ಲಿ ಕುಳಿತರು. ಜಾಕ್ಸನ್ ಅಧ್ಯಕ್ಷರಾದ ಮೇಲೆ 1831ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾದರು. ಒಕ್ಕೂಟದ ಸುಂಕದ ಕಾಯಿದೆ ತನ್ನ ಗಡಿಯೊಳಗೆ ನಡೆಯದೆಂದು ದಕ್ಷಿಣ ಕೆರೊಲಿನ ರಾಜ್ಯ ಸಾರಿದಾಗ, 1832ರ ಡಿಸೆಂಬರಿನಲ್ಲಿ ಜಾಕ್ಸನ್ನರ ಹೆಸರಿನಲ್ಲಿ ಹೊರಟ ಪ್ರಖ್ಯಾತ ಘೋಷಣೆಯನ್ನು ಬರೆದವರು ಇವರು. 1833ರಿಂದ ಎರಡು ವರ್ಷ ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿ. ಈ ಎಲ್ಲಕ್ಕಿಂತ ನಮ್ಮ ಕಣ್ಣಿಗೆ ದೊಡ್ಡದಾಗಿ ಕಾಣುವುದು 1826ರ ಒಂದು ಸಂಗತಿ. ಆ ವರ್ಷ ಅವರು ನ್ಯೂಯಾರ್ಕಿನ ಹಳೆಯ ಸಾಲವನ್ನು ಸರ್ಕಾರಕ್ಕೆ ಬಡ್ಡಿಸಹಿತ ತೀರಿಸಿದರು. ಬಡ್ಡಿಯೇ ಅಸಲನ್ನು ಮೀರಿತ್ತು. ಗುಮಾಸ್ತನ ಕಳವಿಗೆ ತಲೆಕೊಟ್ಟು ಇಪ್ಪತ್ತಮೂರು ವರ್ಷಗಳಾಗಿದ್ದವು.

1836ರ ಮೇ 23ರಂದು, 72 ತುಂಬಲು ಐದು ದಿನವಿರುವಾಗ, ಹಡ್ಸನ್ ದಂಡೆಯ ಮಾಂಟ್ಗೊಮರಿ ಪ್ಲೇಸ್ ಎಂಬ ಮನೆಯಲ್ಲಿ ಅವರು ತೀರಿಕೊಂಡರು. ಅದು ಅಕ್ಕ ಜಾನೆಟ್ ತಮ್ಮನಿಗೆ ಬಿಟ್ಟುಹೋದ ಮನೆ.

ಅದೇ ಹೊತ್ತಿನಲ್ಲಿ ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಕಲ್ಕತ್ತೆಯಲ್ಲಿ, ಥಾಮಸ್ ಮೆಕಾಲೆ ನೇತೃತ್ವದ ಕಾನೂನು ಆಯೋಗವು ಭಾರತಕ್ಕೆ ಒಂದು ದಂಡ ಸಂಹಿತೆಯ ಕರಡನ್ನು ಸಿದ್ಧಪಡಿಸುತ್ತಿತ್ತು. ನಮ್ಮ ನುಡಿಗಳ ವಿದ್ಯೆಯನ್ನು ಹೀಗಳೆದು ಇಂಗ್ಲಿಷ್ ಶಿಕ್ಷಣದ ಪರವಾಗಿ 1835ರ ಟಿಪ್ಪಣಿ ಬರೆದ ಅದೇ ಮೆಕಾಲೆ. 1837ರ ಅಕ್ಟೋಬರಿನಲ್ಲಿ ಕರಡನ್ನು ಸರ್ಕಾರಕ್ಕೆ ಒಪ್ಪಿಸುವಾಗ ತಮಗೆ ಹೆಚ್ಚು ನೆರವಾದ ಗ್ರಂಥಗಳೆಂದು ಆಯೋಗ ಎರಡನ್ನು ನೆನೆಯಿತು: ಒಂದು ಫ್ರಾನ್ಸಿನ ದಂಡ ಸಂಹಿತೆ, ಇನ್ನೊಂದು ಲಿವಿಂಗ್‌ಸ್ಟನ್ನರ ಲೂಯಿಸಿಯಾನ ಸಂಹಿತೆ. ಮರಣದಂಡನೆಯನ್ನು ಬಿಡಬೇಕೆಂಬ ಅವರ ಮಾತನ್ನು ಮಾತ್ರ ಕಲ್ಕತ್ತೆಯವರು ಒಪ್ಪಲಿಲ್ಲ. ಆ ಕರಡು ತಿದ್ದುಪಡಿಗಳೊಂದಿಗೆ 1860ರಲ್ಲಿ ಭಾರತೀಯ ದಂಡ ಸಂಹಿತೆಯಾಗಿ, 1862ರ ಜನವರಿ 1ರಿಂದ ಜಾರಿಗೆ ಬಂತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಅದರ ಸ್ಥಾನಕ್ಕೆ ಬರುವವರೆಗೆ ನಮ್ಮ ಊರುಗಳ ಪೊಲೀಸ್ ಠಾಣೆಗಳಲ್ಲಿ ದಾಖಲಾದ ಪ್ರಕರಣಗಳಿಗೆ ಸೆಕ್ಷನ್ನುಗಳನ್ನು ಒದಗಿಸಿದ್ದು ಅದೇ.

ಲೂಯಿಸಿಯಾನದಲ್ಲಿ 1870ರಲ್ಲಿ ಸಿವಿಲ್ ಸಂಹಿತೆಯನ್ನು ಮತ್ತೆ ಪ್ರಕಟಿಸಿದಾಗ ಅದು ಇಂಗ್ಲಿಷಿನಲ್ಲಿ ಮಾತ್ರ ಬಂತು. ಎದುರು ಪುಟದ ಫ್ರೆಂಚ್ ಕಾಣೆಯಾಯಿತು. ಆದರೂ 1825ರ ಪಾಠದಿಂದ ಇಳಿದುಬಂದ ವಿಧಿಯ ಇಂಗ್ಲಿಷ್ ಮಾತು ಅನುವಾದದ ದೋಷದಿಂದ ಗೊಂದಲವಾಗಿದ್ದರೆ, ಅಲ್ಲಿನ ನ್ಯಾಯಾಧೀಶರು ಹಳೆಯ ಪುಸ್ತಕ ತೆರೆದು ಮೂಲ ಫ್ರೆಂಚ್ ಏನು ಹೇಳುತ್ತದೆಂದು ನೋಡಿ, ಅದನ್ನೇ ಪ್ರಮಾಣವಾಗಿ ಹಿಡಿದು ತೀರ್ಪು ಬರೆದದ್ದುಂಟು.